ಹರಿಹರ ತೀರಾ ಹತ್ತಿರವಾಯ್ತು

ಹರಿಹರದ ಚರ್ಚಿನ ಆರೋಗ್ಯ ಮಾತೆ ಮರಿಯಮ್ಮನಿಗೆ ಇರುವುದು ಒಂದೇ ಕೊರತೆ. ಅವಳು ದಾವಣಗೆರೆಯಿಂದ ಬರೀ 14 ಕಿಲೋಮೀಟರು ದೂರದಲ್ಲಿದ್ದಾಳೆ.

ಇದನ್ನು ಸಣ್ಣ ಕೊರತೆ ಅಂದುಕೊಳ್ಳಬೇಡಿ. ದಾವಣಗೆರೆಯ ನಮ್ಮ ಬಡಾವಣೆ ಎಂ.ಸಿ.ಸಿ. ಬಿ ಬ್ಲಾಕಿನಿಂದ ಹೊರಟು, ಗುಂಡಿ ಸರ್ಕಲ್ಲಿನಲ್ಲಿ ಪರಿಚಯದವರು ಸಿಕ್ಕು, ಪಿ.ಬಿ. ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದು, ಇಷ್ಟೆಲ್ಲ ಆದರೂ ಒಂದು ಗಂಟೆಯೊಳಗೆ ಅವಳ ಪಾದದ ಬಳಿ ಇಳಿದಿರುತ್ತೀರಿ. ಬಸ್ಸಿನಲ್ಲಿ ಜಪಸರ ಮುಗಿಸಿದ ಮೇಲೆ ಅಂತ್ಯಾಕ್ಷರಿಗೆ ಸಮಯವೇ ಉಳಿಯುವುದಿಲ್ಲ. ಇಂಥ ಕಡೆಗೆ ಹೋಗುವವರು ಪಕ್ಕದ ಮನೆಗೆ ಬೀಗದ ಕೈ ಕೊಟ್ಟು ‘ಹಾಲಿನವನಿಗೆ ನಾಲ್ಕು ದಿನ ಬೇಡ ಅಂತ ಹೇಳಿಬಿಡ್ರಿ, ನಾವು ಯಾತ್ರೆಗೆ ಹೊಂಟೀವಿ’ ಎಂದು ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲುವಂತಿಲ್ಲ. ಆಫೀಸಿನಲ್ಲಿ ರಜೆ ಕೇಳುವಂತಿಲ್ಲ. ಬಂದ ಮೇಲೆ ಕಾಲು ನೋವೆಂದು ಎರಡು ದಿನ ಮಲಗುವಂತಿಲ್ಲ. ‘ಹರಿಹರಕ್ಕೆ ಹೋಗಿದ್ದೆ’ ಎಂದರೆ ಕೇಳಿದವರು ‘ಯಾಕ್ರಿ, ಏನ್ ಕೆಲಸ ಇತ್ತು?’ ಎನ್ನುತ್ತಾರೆ. ಯಾತ್ರೆಯೆಂದು ಒಬ್ಬನೂ ನಂಬುವುದಿಲ್ಲ.

ರೋಮಿನವರಿಗೆ ಹರಿಹರ ಕಂಡಿದೆ, ನಮಗೆ ಕಂಡಿಲ್ಲ. ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನವರ ಚರ್ಚು, 2016ರಲ್ಲಿ ಕಾರ್ಕಳದ ಅತ್ತೂರು, ಅದರ ನಂತರ ಹರಿಹರ. ರಾಜ್ಯದಲ್ಲಿ ರೋಮಿನಿಂದ ಕಿರಿಯ ಬಸಿಲಿಕಾ ಎಂಬ ಪದವಿ ಪಡೆದ ಮೂರನೆಯ ಚರ್ಚು ಇದು. ಆ ಪದವಿ ಬಂದಾಗ ಬಡಾವಣೆಯಲ್ಲಿ ಸಂತೋಷವಾಯಿತು, ಲಾಡು ಹಂಚಿದರು, ವಾಟ್ಸಾಪಿನಲ್ಲಿ ಮೇಣದಬತ್ತಿಗಳು ಸಾಲುಗಟ್ಟಿ ಉರಿದವು. ಅದೇ ವಾರ ನಮ್ಮ ಯಾತ್ರಾ ಸಮಿತಿ ಸಭೆ ಸೇರಿ ಈ ಸಲವೂ ತಮಿಳುನಾಡಿನ ವೇಳಾಂಗಣಿಗೇ ಹೋಗುವುದೆಂದು ತೀರ್ಮಾನಿಸಿತು.

ವೇಳಾಂಗಣಿಯ ತಾಯಿಯ ಹೆಸರೇನು? ಆರೋಗ್ಯ ಮಾತೆ. ಹಬ್ಬ ಯಾವತ್ತು? ಸೆಪ್ಟೆಂಬರ್ 8. ಹರಿಹರದ ತಾಯಿಯ ಹೆಸರೇನು? ಆರೋಗ್ಯ ಮಾತೆ. ಹಬ್ಬ ಯಾವತ್ತು? ಸೆಪ್ಟೆಂಬರ್ 8. ಅಲ್ಲೂ ಒಂಬತ್ತು ದಿನದ ನೊವೇನ, ಇಲ್ಲೂ ಒಂಬತ್ತು ದಿನದ ನೊವೇನ. ಅಲ್ಲೂ ಬಾವುಟ, ತೇರು, ಎಣ್ಣೆ, ಹೂವು, ಇಲ್ಲೂ ಅದೇ. ಹೀಗಾಗಿ ಪ್ರತಿವರ್ಷ ಸೆಪ್ಟೆಂಬರಿನ ಮೊದಲ ವಾರ ನಮ್ಮ ಹೆದ್ದಾರಿಯಲ್ಲಿ ಒಂದು ತಮಾಷೆ ನಡೆಯುತ್ತದೆ. ಒಂದು ಬದಿಯಲ್ಲಿ ಆರೋಗ್ಯ ಮಾತೆಯನ್ನು ಕಾಣಲು ಹರಿಹರದ ಕಡೆಗೆ ಜನ ನಡೆದು ಹೋಗುತ್ತಿರುತ್ತಾರೆ. ಇನ್ನೊಂದು ಬದಿಯಲ್ಲಿ ಆರೋಗ್ಯ ಮಾತೆಯನ್ನು ಕಾಣಲು ಆರೋಗ್ಯ ಮಾತೆಗೆ ಬೆನ್ನು ಹಾಕಿ ಆರುನೂರು ಕಿಲೋಮೀಟರಿಗೂ ಆಚೆಗೆ ನಮ್ಮ ಎ.ಸಿ. ಬಸ್ಸು ಓಡುತ್ತಿರುತ್ತದೆ. ಬಸ್ಸಿನವರು ಕಿಟಕಿಯಿಂದ ನಡೆಯುವವರಿಗೆ ಕೈ ಬೀಸುತ್ತಾರೆ. ಭಕ್ತಿಯಲ್ಲಿ ಭೇದವಿಲ್ಲವಲ್ಲ.

ಯಾಕೆ ಹೀಗೆಂದು ಸಮಿತಿಯ ಹಿರಿಯರೊಬ್ಬರನ್ನು ಕೇಳಿದರೆ ಸಿಗುವ ಉತ್ತರ ಸ್ಪಷ್ಟ: ‘ಹರಿಹರದ ತಾಯಿ ಫ್ಯಾಮಿಲಿ ಡಾಕ್ಟ್ರು ಇದ್ದಂಗೆ ಕಣ್ರಿ. ವೇಳಾಂಗಣಿ ಸ್ಪೆಶಲಿಸ್ಟು.’ ಊರಲ್ಲೇ ಮೆಡಿಕಲ್ ಕಾಲೇಜು ಇಟ್ಟುಕೊಂಡು, ಸುತ್ತಲ ಜಿಲ್ಲೆಗಳ ರೋಗಿಗಳೆಲ್ಲ ಇಲ್ಲಿಗೇ ಬರುತ್ತಿದ್ದರೂ, ಮೊಣಕಾಲು ಉಳುಕಿದರೆ ಬೆಂಗಳೂರಿನ ರೈಲು ಹತ್ತುವ ಜನ ನಾವು. ದೇವರ ವಿಷಯದಲ್ಲಿ ಮಾತ್ರ ಬೇರೆ ರೀತಿ ನಡೆದುಕೊಳ್ಳಿ ಎಂದರೆ ಹೇಗೆ?

ಹರಿಹರಕ್ಕೆ ಹೋಗುವವರು ಯಾರು ಎಂಬುದನ್ನೂ ನೋಡಬೇಕು. ಅಲ್ಲಿಯೇ ಇದೆ ಅದರ ಇನ್ನೊಂದು ದೋಷ. ಅಲ್ಲಿಗೆ ಯಾರು ಬೇಕಾದರೂ ಹೋಗುತ್ತಾರೆ. ರಾಣೆಬೆನ್ನೂರಿನ ಹಮಾಲರು, ಹೊನ್ನಾಳಿಯ ಕೂಲಿ ಹೆಂಗಸರು, ಮಗುವಿಗೆ ಜ್ವರ ಬಿಡಲಿಲ್ಲವೆಂದು ಹರಕೆ ಹೊತ್ತ ಮುಸ್ಲಿಂ ತಾಯಿ, ಕುಂಕುಮ ಇಟ್ಟುಕೊಂಡೇ ಮೇಣದಬತ್ತಿ ಹಚ್ಚುವ ಅಜ್ಜಿಯರು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಹೆಂಗಸರು ಆಧಾರ್ ಕಾರ್ಡ್ ತೋರಿಸಿ ಸರ್ಕಾರಿ ಬಸ್ಸು ಹತ್ತಿದರೆ ಮುಗಿಯಿತು, ಟಿಕೆಟ್ಟಿನ ಮೇಲೆ ಸೊನ್ನೆ ರೂಪಾಯಿ. ಸೊನ್ನೆ ರೂಪಾಯಿಯ ಯಾತ್ರೆಯನ್ನು ಯಾರಿಗೆ ಹೇಳಿಕೊಳ್ಳುವುದು? ನಮ್ಮ ಬಡಾವಣೆಯಲ್ಲಿ ಪುಣ್ಯಕ್ಕೂ ಖರ್ಚಿಗೂ ಒಂದು ಹದವಾದ ಸಂಬಂಧ ಬೆಳೆದು ಬಂದಿದೆ. ಅದನ್ನು ಸಾರಿಗೆ ಸಂಸ್ಥೆ ಹೀಗೆ ಕೆಡಿಸಬಾರದಿತ್ತು.

ಇರಲಿ, ಬಸ್ಸಿಗೆ ಬರೋಣ.

ಬೆಳಗಿನ ನಾಲ್ಕೂವರೆಗೆ ಹೊರಡುವ ಬಸ್ಸು ಆರಕ್ಕೆ ಹೊರಡುತ್ತದೆ. ಮುಂದುಗಡೆ ಫ್ಲೆಕ್ಸು: ಮಧ್ಯದಲ್ಲಿ ಮಾತೆ, ಅವಳ ಎರಡು ಪಕ್ಕದಲ್ಲಿ ಅವಳಿಗಿಂತ ಸ್ವಲ್ಪ ದೊಡ್ಡದಾಗಿ ಸಮಿತಿಯ ಅಧ್ಯಕ್ಷರು ಮತ್ತು ಪ್ರಾಯೋಜಕರು. ಒಳಗೆ ಖಾರ ಮಂಡಕ್ಕಿಯ ದೊಡ್ಡ ಚೀಲ, ಚಪಾತಿಯ ಡಬ್ಬಿ, ಶೇಂಗಾ ಚಟ್ನಿ, ವಾಂತಿಗೆ ಪ್ಲಾಸ್ಟಿಕ್ ಕವರು, ಜಪಸರ, ಪವರ್ ಬ್ಯಾಂಕು. ತಪಸ್ಸಿಗೆ ಬೇಕಾದ ಎಲ್ಲವೂ ಇದೆ. ಮೊದಲ ಎರಡು ಸೀಟಿನ ಮೇಲೆ ಯಾರೋ ಹಿಂದಿನ ರಾತ್ರಿಯೇ ಬಂದು ಟವೆಲು ಹಾಸಿ ಹೋಗಿರುತ್ತಾರೆ. ಟವೆಲು ಯಾರದೆಂದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಹಿಂದಿನ ಸೀಟಿಗೆ ತಳ್ಳಲ್ಪಟ್ಟವರು ಯೇಸುಸ್ವಾಮಿ ಕಡೆಯವರೇ ಮೊದಲಿಗರಾಗುವರೆಂದು ಹೇಳಿದ್ದನ್ನು ಜೋರಾಗಿ ನೆನಪಿಸುತ್ತಾರೆ. ಮುಂದಿನವರಿಗೆ ಅದು ಕೇಳಿಸುವುದಿಲ್ಲ. ಡ್ರೈವರನ ಪಕ್ಕ ಎಂಜಿನ್ ಸದ್ದು ಹೆಚ್ಚು.

ಆಮೇಲೆ ಭಾಷೆಯ ಪ್ರಶ್ನೆ. ದಾವಣಗೆರೆಯ ಕಥೋಲಿಕರು ಒಂದೇ ದಿಕ್ಕಿನಿಂದ ಬಂದವರಲ್ಲ. ಕರಾವಳಿಯಿಂದ ಬ್ಯಾಂಕಿಗೂ ಶಾಲೆಗೂ ಬಂದ ಕೊಂಕಣಿಯವರಿದ್ದಾರೆ. ರೈಲ್ವೆಗೂ ಹತ್ತಿ ಗಿರಣಿಗೂ ಬಂದು ಗಿರಣಿ ಮುಚ್ಚಿದ ಮೇಲೂ ಇಲ್ಲೇ ನಿಂತ ತಮಿಳರಿದ್ದಾರೆ. ಆಸ್ಪತ್ರೆಗೆ ಬಂದ ಮಲೆಯಾಳಿ ನರ್ಸುಗಳಿದ್ದಾರೆ. ಮನೆಯಲ್ಲೂ ಪ್ರಾರ್ಥನೆಯಲ್ಲೂ ಕನ್ನಡವೇ ಆಡುವ ಕುಟುಂಬಗಳಿವೆ. ಸ್ವರ್ಗದಲ್ಲಿ ಎಲ್ಲರಿಗೂ ಜಾಗವಿರಬಹುದು, ಬಸ್ಸಿನ ಮೈಕು ಒಂದೇ. ಹಾಗಾಗಿ ವರ್ಷಗಳ ಮಾತುಕತೆಯ ನಂತರ ಒಂದು ಒಪ್ಪಂದವಾಗಿದೆ. ಹೆಬ್ಬಾಳು ಟೋಲ್‌ಗೇಟಿನವರೆಗೆ ಜಪಸರ ಕನ್ನಡದಲ್ಲಿ. ಅಲ್ಲಿಂದ ಚಿತ್ರದುರ್ಗದ ಕೋಟೆ ಕಾಣುವವರೆಗೆ ಕೊಂಕಣಿಯಲ್ಲಿ. ಹಿರಿಯೂರಿನಲ್ಲಿ ಟೀ. ಮಲೆಯಾಳದವರಿಗೆ ಟೀ ಆದಮೇಲೆ ಒಂದು ಹಾಡು. ‘ಹೊಸೂರು ದಾಟಿದ ಮೇಲೆ ನಮ್ಮದೇ ರಾಜ್ಯ ಬಿಡ್ರಿ’ ಎಂದು ತಮಿಳಿನವರು ಉದಾರವಾಗಿ ಸುಮ್ಮನಿರುತ್ತಾರೆ. ಹರಿ ಮತ್ತು ಹರ ಒಂದೇ ಮೈಯಲ್ಲಿ ಅರ್ಧರ್ಧ ಹಂಚಿಕೊಂಡು ನಿಂತ ದೇವಸ್ಥಾನ, 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು, ನಮ್ಮ ಪಕ್ಕದೂರು ಹರಿಹರದಲ್ಲೇ ಇದೆ. ಎಂಟುನೂರು ವರ್ಷಗಳಿಂದ ಅವರಿಬ್ಬರ ನಡುವೆ ಮೈಕಿನ ತಗಾದೆ ಬಂದಿಲ್ಲ.

ಆದರೆ ಎಂ.ಸಿ.ಸಿ. ಬಡಾವಣೆಯನ್ನು ಮಾತ್ರ ಬೈಯುವುದು ನ್ಯಾಯವಲ್ಲ. ಇಂಥ ಜಗಳಕ್ಕೆ ಜೆರುಸಲೇಮಿನಲ್ಲೇ ಮೇಲ್ಪಂಕ್ತಿಯಿದೆ. ಯೇಸುವಿನ ಸಮಾಧಿಯ ಮೇಲೆ ಕಟ್ಟಿದ ಚರ್ಚನ್ನು ಆರು ಪಂಗಡಗಳು ಹಂಚಿಕೊಂಡಿವೆ: ಗ್ರೀಕರು, ರೋಮನ್ ಕಥೋಲಿಕರು, ಅರ್ಮೇನಿಯನ್ನರು, ಕಾಪ್ಟಿಕರು, ಸಿರಿಯಾದವರು, ಇಥಿಯೋಪಿಯಾದವರು. ಯಾವ ಮೆಟ್ಟಿಲು ಯಾರು ಗುಡಿಸಬೇಕು, ಯಾವ ದೀಪ ಯಾರದು, ಎಲ್ಲಕ್ಕೂ ಒಟ್ಟೊಮನ್ ಸುಲ್ತಾನರ ಕಾಲದ ಯಥಾಸ್ಥಿತಿ ಒಪ್ಪಂದ. ಬಾಗಿಲ ಮೇಲಿನ ಕಿಟಕಿಗೆ ಒರಗಿಸಿದ ಮರದ ಏಣಿಯೊಂದು ಹದಿನೆಂಟನೆಯ ಶತಮಾನದಿಂದ ಅಲ್ಲೇ ಇದೆ. ತೆಗೆಯುವ ಹಕ್ಕು ಯಾರದೆಂದು ಇತ್ಯರ್ಥವಾಗಿಲ್ಲ. ಈ ಆರು ಮಂದಿ ಒಬ್ಬರನ್ನೊಬ್ಬರು ನಂಬದೆ ಚರ್ಚಿನ ಬೀಗದ ಕೈ ಶತಮಾನಗಳಿಂದ ಮುಸ್ಲಿಂ ಮನೆತನವೊಂದರ ಬಳಿ ಇದೆ, ಬಾಗಿಲು ತೆರೆಯುವ ಕೆಲಸ ಇನ್ನೊಂದು ಮುಸ್ಲಿಂ ಮನೆತನದ್ದು. 2002ರ ಜುಲೈನಲ್ಲಿ ಚರ್ಚಿನ ಚಾವಣಿಯ ಮೇಲೆ ಕಾವಲಿಗೆ ಕೂತಿದ್ದ ಕಾಪ್ಟಿಕ್ ಸನ್ಯಾಸಿಯೊಬ್ಬ ಬಿಸಿಲು ತಾಳದೆ ಕುರ್ಚಿಯನ್ನು ನೆರಳಿಗೆ ಸರಿಸಿದ. ಅದು ಇಥಿಯೋಪಿಯಾದವರ ನೆರಳು. ಹೊಡೆದಾಟವಾಗಿ 11 ಜನ ಆಸ್ಪತ್ರೆ ಸೇರಿದರು. ನಮ್ಮ ಬಸ್ಸಿನ ಟವೆಲಿನಿಂದ ಇಷ್ಟು ವರ್ಷದಲ್ಲಿ ಒಬ್ಬನಿಗೂ ಹೊಲಿಗೆ ಬಿದ್ದಿಲ್ಲ. ಆ ಮಟ್ಟಿಗೆ ನಾವು ಪವಿತ್ರ ನಾಡಿಗಿಂತ ಮುಂದಿದ್ದೇವೆ.

ವೇಳಾಂಗಣಿ ತಲುಪಿದ ಮೇಲೆ ಭಕ್ತಿ ನಿಜಕ್ಕೂ ಬರುತ್ತದೆ, ಸುಳ್ಳು ಹೇಳಬಾರದು. ಮರಳ ಹಾದಿಯಲ್ಲಿ ಮೊಣಕಾಲೂರಿ ಹೋಗುವವರನ್ನು ನೋಡಿದರೆ ಎಂಥವನಿಗೂ ಗಂಟಲು ಕಟ್ಟುತ್ತದೆ. ನಮ್ಮವರು ಅವರ ವಿಡಿಯೋ ಮಾಡುತ್ತಾರೆ. ಅಂಗಡಿಗಳಲ್ಲಿ ಹರಕೆಯ ತಗಡುಗಳು: ಕಣ್ಣು, ಕೈ, ಕಾಲು, ಎದೆ, ತೊಟ್ಟಿಲು, ಮನೆ. ಯಾವ ಅಂಗ ನೋಯುತ್ತದೋ ಅದನ್ನು ಕೊಂಡು ಒಪ್ಪಿಸುವುದು. ನಮ್ಮ ಬಡಾವಣೆಯವರು ಹೆಚ್ಚು ಕೊಳ್ಳುವುದು ಮನೆಯನ್ನು. ಅಣ್ಣನ ಕಾಂಪೌಂಡು ಅರ್ಧ ಅಡಿ ಈ ಕಡೆ ಬಂದಿದೆ, ಕೋರ್ಟಿನಲ್ಲಿ ವಾಯಿದೆ ಬೀಳುತ್ತಿದೆ, ತಾಯಿಯಾದರೂ ತೀರ್ಪು ಕೊಡಲಿ ಎಂದು. ಅದೇ ದಿನ ಅದೇ ಅಣ್ಣನೂ ಇನ್ನೊಂದು ಬಸ್ಸಿನಲ್ಲಿ, ಎ ಬ್ಲಾಕಿನವರ ಜೊತೆ ಬಂದು, ಅಂಥದೇ ಒಂದು ತಗಡು ಒಪ್ಪಿಸಿರುತ್ತಾನೆ. ತಾಯಿ ಏನು ಮಾಡಬೇಕು? ಎರಡನ್ನೂ ತೆಗೆದುಕೊಳ್ಳುತ್ತಾಳೆ. ಅರ್ಜಿ ತೆಗೆದುಕೊಂಡು ಸುಮ್ಮನಿರುವ ವಿದ್ಯೆ ತಹಶೀಲ್ದಾರರಿಗೆ ಮಾತ್ರ ಗೊತ್ತೆಂದು ತಿಳಿದಿದ್ದೆವು.

ಬರುವಾಗ ಬಸ್ಸಿನ ಡಿಕ್ಕಿ ಮುಚ್ಚುವುದಿಲ್ಲ. ಪುಣ್ಯಕ್ಷೇತ್ರದಿಂದ ಏನಾದರೂ ಹೊತ್ತು ತರಲೇಬೇಕೆಂಬ ಚಪಲ ಹೊಸದೇನಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಹೋದ ಎಗೇರಿಯಾ ಎಂಬ ಹೆಂಗಸು ತನ್ನ ಯಾತ್ರೆಯ ವಿವರ ಬರೆದಿಟ್ಟಿದ್ದಾಳೆ. ಶುಭ ಶುಕ್ರವಾರ ಶಿಲುಬೆಯ ಮರಕ್ಕೆ ಮುತ್ತಿಡಲು ಜನ ಸಾಲುಗಟ್ಟುತ್ತಿದ್ದರು. ಪಕ್ಕದಲ್ಲಿ ಸೇವಕರು ಕಾವಲು ನಿಲ್ಲುತ್ತಿದ್ದರು. ಯಾಕೆಂದರೆ ಹಿಂದೊಮ್ಮೆ ಯಾವನೋ ಮುತ್ತಿಡುವ ನೆಪದಲ್ಲಿ ಶಿಲುಬೆಯ ತುಂಡೊಂದನ್ನು ಕಚ್ಚಿಕೊಂಡು ಹೋಗಿದ್ದನಂತೆ. ಗೋವೆಯಲ್ಲಿ ಸಂತ ಫ್ರಾನ್ಸಿಸ್ ಜೇವಿಯರರ ಕಾಲ್ಬೆರಳನ್ನು ಪೋರ್ಚುಗೀಸ್ ಹೆಂಗಸೊಬ್ಬಳು ಹೀಗೇ ಕಚ್ಚಿಕೊಂಡಳೆಂಬ ಕಥೆಯೂ ಇದೆ. ಇವರ ಮುಂದೆ ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿ, ತಲೆಯೇ ಮುಚ್ಚಳವಾಗಿರುವಂಥದ್ದು, ಹನ್ನೆರಡು ಕೊಂಡು ತರುವ ನಮ್ಮ ಬಡಾವಣೆಯ ಟೀಚರಮ್ಮ ಸಾಧ್ವಿ.

ಇಷ್ಟೆಲ್ಲ ಆದರೂ ವೇಳಾಂಗಣಿ ಮಧ್ಯಮ ದರ್ಜೆಯ ಯಾತ್ರೆ. ಮೇಲಿನ ದರ್ಜೆಯದಕ್ಕೆ ಪಾಸ್‌ಪೋರ್ಟು ಬೇಕು.

‘ಹೋಲಿ ಲ್ಯಾಂಡ್’ಗೆ ಹೋಗಿ ಬಂದವರ ಮನೆ ನಮ್ಮ ಬಡಾವಣೆಯಲ್ಲಿ ಗುರುತಿಸುವುದು ಸುಲಭ. ಹಜಾರದಲ್ಲಿ ಆಲಿವ್ ಮರದ ಒಂಟೆ, ಶೋಕೇಸಿನಲ್ಲಿ ಜೋರ್ಡನ್ ನದಿಯ ನೀರಿನ ಬಾಟಲಿ, ಗೋಡೆಯಲ್ಲಿ ಯಾತ್ರಿಕನೆಂಬ ಸರ್ಟಿಫಿಕೇಟು, ಅದಕ್ಕೆ ಮಗಳ ಇಂಜಿನಿಯರಿಂಗ್ ಸರ್ಟಿಫಿಕೇಟಿಗಿಂತ ದಪ್ಪನೆಯ ಫ್ರೇಮು. ಖರ್ಚು ಲಕ್ಷದ ಮೇಲಿನ ಮಾತು. ತಂಡ ಕಟ್ಟುವವರಿಗೆ ಇಷ್ಟು ಜನ ಸೇರಿಸಿದರೆ ಒಂದು ಸೀಟು ಫ್ರೀ. ಹಾಗಾಗಿ ಕೆಲವರಿಗೆ ವರ್ಷಕ್ಕೊಮ್ಮೆ ದೈವಪ್ರೇರಣೆ ತಪ್ಪದೆ ಆಗುತ್ತದೆ. ನೆರೆರಾಜ್ಯಗಳಲ್ಲಿ ಸರ್ಕಾರವೇ ಕೈ ಹಿಡಿಯುತ್ತದೆ: ತಮಿಳುನಾಡು 2011ರಿಂದ ಜೆರುಸಲೇಮ್ ಯಾತ್ರೆಗೆ ಸಹಾಯಧನ ಕೊಡುತ್ತಿದೆ, ಆಂಧ್ರ 2019ರಲ್ಲಿ ಕಡಿಮೆ ಆದಾಯದವರ ಪಾಲನ್ನು 60,000 ರೂಪಾಯಿಗೆ ಏರಿಸಿತು. ಈ ಸುದ್ದಿ ಓದಿದ ದಿನ ನಮ್ಮಲ್ಲಿ ಎರಡು ಕಾರು, ಮೂರು ಸೈಟು ಇರುವವರೊಬ್ಬರು ‘ನಮ್ಮಂಥ ಬಡ ಅಲ್ಪಸಂಖ್ಯಾತರಿಗೆ ಕರ್ನಾಟಕದಾಗೆ ಯಾರೂ ಇಲ್ಲ ನೋಡ್ರಿ’ ಎಂದು ನಿಟ್ಟುಸಿರುಬಿಟ್ಟರು.

ಅಲ್ಲಿ ಏನು ನೋಡಿದಿರಿ ಎಂದು ಕೇಳಿ. ಅಮ್ಮಾನಿನಲ್ಲಿ ಇಳಿದದ್ದು, ಸೇತುವೆಯ ಗಡಿಯಲ್ಲಿ ಮೂರು ಗಂಟೆ ನಿಂತದ್ದು, ಹುಡುಗಿಯೊಬ್ಬಳು ಬಂದೂಕು ಹೆಗಲಿಗೆ ಹಾಕಿಕೊಂಡು ‘ಯಾಕೆ ಬಂದಿರಿ’ ಎಂದು ಕೇಳಿದ್ದು. ತುಂಗಭದ್ರೆಯ ನೆರೆ ನೋಡಿ ಬೆಳೆದವರಿಗೆ ಜೋರ್ಡನ್ ನದಿಯ ದಡದಲ್ಲಿ ಬಾಯಿಗೆ ಬರುವ ಮೊದಲ ಮಾತು ‘ಇಷ್ಟೇನಾ?’ ಆದರೂ ಬಾಡಿಗೆಯ ಬಿಳಿ ನಿಲುವಂಗಿ ಹಾಕಿಕೊಂಡು ಮುಳುಗಿ ಏಳುತ್ತಾರೆ. ಕಾನಾ ಊರಿನಲ್ಲಿ, ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಜಾಗದಲ್ಲಿ, ದಂಪತಿಗಳು ಮದುವೆಯ ವಚನವನ್ನು ಮತ್ತೆ ಹೇಳುತ್ತಾರೆ. ಮನೆಯಲ್ಲಿ ಸೊಸೆಯ ಮೂಲಕ ಮಾತಾಡುವವರೂ ಅಲ್ಲಿ ಕೈ ಹಿಡಿದುಕೊಂಡು ನಿಂತ ಫೋಟೊ ಇದೆ. ಗಲಿಲೇಯದ ಸರೋವರದ ದಂಡೆಯಲ್ಲಿ ‘ಸಂತ ಪೇತ್ರನ ಮೀನು’ ಎಂದು ತಟ್ಟೆ ತುಂಬ ಇಡುತ್ತಾರೆ. ನಮ್ಮವರು ಕಣ್ಣು ಮುಚ್ಚಿ, ಪ್ರಾರ್ಥಿಸಿ, ಡಾಲರಿನಲ್ಲಿ ದುಡ್ಡು ಕೊಟ್ಟು ತಿನ್ನುತ್ತಾರೆ. ಅದು ತಿಲಾಪಿಯಾ. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನಿನದೇ ಕುಲ. ಇಲ್ಲಿ ಅದನ್ನು ಸಂತೆಯಲ್ಲಿ ಕಂಡರೆ ‘ಥೂ, ಕೆಸರು ವಾಸನೆ’ ಎಂದು ಮೂಗು ಮುರಿಯುವ ಬಾಯಿ ಅದು.

ಬೆತ್ಲೆಹೇಮಿಗೆ ಪಟ್ಟಿಯಲ್ಲಿ ಅರ್ಧ ದಿನ. ಅದರಲ್ಲಿ ಕ್ರಿಸ್ತ ಹುಟ್ಟಿದ ಗುಹೆಗೆ ಸಾಲಿನಲ್ಲಿ ನಿಂತದ್ದು ಬಿಟ್ಟರೆ ಉಳಿದದ್ದು ಆಲಿವ್ ಮರದ ಗೊಂಬೆಯಂಗಡಿಗೆ. ಊರನ್ನು ಸೀಳಿಕೊಂಡು ನಿಂತ ಎತ್ತರದ ಕಾಂಕ್ರೀಟ್ ಗೋಡೆಯ ಮುಂದೆ ಒಂದು ಗ್ರೂಪ್ ಫೋಟೊ, ಹಿನ್ನೆಲೆಯಲ್ಲಿ ಚಿತ್ರಗಳು ಚೆನ್ನಾಗಿ ಬಂದಿವೆ. ಗೋಡೆ ಯಾಕಿದೆ, ಅದರ ಈಚೆ ಇರುವ ಕ್ರೈಸ್ತರು ಆಚೆಯ ಜೆರುಸಲೇಮಿಗೆ ಈಸ್ಟರ್ ಪೂಜೆಗೆ ಹೋಗಲು ಪರವಾನಗಿ ಕೇಳಬೇಕಂತಲ್ಲ, ಎಂದರೆ ‘ಅದೆಲ್ಲಾ ಪಾಲಿಟಿಕ್ಸ್ ರೀ, ನಾವು ಹೋಗಿದ್ದು ಭಕ್ತಿಗೆ.’ ಗಾಜಾದ ಯುದ್ಧ ಶುರುವಾದ ಮೇಲೆ 2023ರಲ್ಲೂ 2024ರಲ್ಲೂ ಬೆತ್ಲೆಹೇಮಿನವರು ಕ್ರಿಸ್ಮಸ್ಸಿನ ಸಡಗರವನ್ನೇ ನಿಲ್ಲಿಸಿದರು. ಅಲ್ಲಿನ ಲೂಥರನ್ ಚರ್ಚೊಂದು ಗೋದಲಿಯಲ್ಲಿ ಬಾಲಯೇಸುವನ್ನು ಕಲ್ಲುಮಣ್ಣಿನ ರಾಶಿಯ ನಡುವೆ ಮಲಗಿಸಿತು. ನಮ್ಮ ಬಡಾವಣೆಗೂ ಆ ಯುದ್ಧದಿಂದ ಅಪಾರ ನೋವಾಯಿತು. ಅಡ್ವಾನ್ಸ್ ಕೊಟ್ಟವರಿಗೆ ದುಡ್ಡು ವಾಪಸು ಬರಲು ತಿಂಗಳುಗಟ್ಟಲೆ ಹಿಡಿಯಿತು. ‘ಯುದ್ಧ ನಿಂತ ಕೂಡಲೇ ಹೋಗಿಬಿಡ್ಬೇಕ್ರಿ, ರೇಟು ಇಳಿದಿರ್ತತಿ’ ಎಂದು ಒಬ್ಬರು ಶಾಂತಿಗಾಗಿ ಪ್ರಾರ್ಥಿಸಿದರು.

ಜೆರುಸಲೇಮಿನ ಬಾಗಿಲು ಮುಚ್ಚಿದ್ದರಿಂದ ಕಣ್ಣು ರೋಮಿನ ಮೇಲೆ ಬಿತ್ತು. 2025 ಚರ್ಚಿನ ಜ್ಯುಬಿಲಿ ವರ್ಷವಾಗಿತ್ತು. ‘ಭರವಸೆಯ ಯಾತ್ರಿಕರು’ ಎಂಬುದು ಅದರ ಧ್ಯೇಯವಾಗಿತ್ತು. 2024ರ ಕ್ರಿಸ್ಮಸ್ಸಿನ ಹಿಂದಿನ ಸಂಜೆ ಪೋಪ್ ಫ್ರಾನ್ಸಿಸರು ಸಂತ ಪೇತ್ರರ ಬಸಿಲಿಕಾದ ಪವಿತ್ರ ದ್ವಾರವನ್ನು ತೆರೆದರು. ಆ ದ್ವಾರ ದಾಟಿ, ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥಿಸಿದವರಿಗೆ, ಪಾಪ ಕ್ಷಮಿಸಿದ ಮೇಲೂ ಉಳಿಯುವ ಶಿಕ್ಷೆ ಪೂರ್ತಿ ಮನ್ನಾ ಆಗುತ್ತಿತ್ತು. ಜ್ಯುಬಿಲಿಯ ಪದ್ಧತಿ ಶುರುವಾದದ್ದು 1300ರಲ್ಲಿ, ಎಂಟನೆಯ ಬೋನಿಫಾಸರ ಕಾಲಕ್ಕೆ. ಆ ಪೋಪರು ಹಾಕಿದ ಷರತ್ತು ನಮ್ಮ ಸಮಿತಿಯವರು ಕಿವಿಗೊಟ್ಟು ಕೇಳಬೇಕಾದದ್ದು. ಹೊರಗಿನಿಂದ ಬಂದವರು ರೋಮಿನ ಬಸಿಲಿಕಾಗಳಿಗೆ 15 ದಿನ ಹೋದರೆ ಸಾಕು. ರೋಮಿನವರೇ ಆದರೆ 30 ದಿನ! ಹತ್ತಿರವಿದ್ದವನಿಗೆ ದುಪ್ಪಟ್ಟು. ಅಂದರೆ ಹರಿಹರದ 14 ಕಿಲೋಮೀಟರಿನ ಸಮಸ್ಯೆಯನ್ನು ಚರ್ಚು ಏಳುನೂರು ವರ್ಷಗಳ ಹಿಂದೆಯೇ ಗುರುತಿಸಿತ್ತು. ಪಕ್ಕದ ಮನೆಯ ಪುಣ್ಯವನ್ನು ಯಾರೂ ತಾವಾಗಿ ಮುಟ್ಟುವುದಿಲ್ಲ, ಬಲವಂತ ಮಾಡಬೇಕಾಗುತ್ತದೆ.

2025ರ ಜ್ಯುಬಿಲಿಯಲ್ಲಿ ಮಾತ್ರ ವ್ಯಾಟಿಕನ್ನಿನವರು ಎಲ್ಲವನ್ನೂ ಕೆಡಿಸಿದರು. 2024ರ ಮೇ 13ರಂದು ಅಲ್ಲಿಂದ ಹೊರಟ ಆದೇಶದಲ್ಲಿ, ರೋಮಿಗೆ ಬರುವುದೊಂದೇ ದಾರಿಯಲ್ಲ ಎಂದು ಬರೆದರು. ಕಾಯಿಲೆಯವರು, ಜೈಲಿನಲ್ಲಿರುವವರು, ಅಂಗವಿಕಲರು, ಒಂಟಿಯಾಗಿರುವ ಮುದುಕರು, ಇಂಥವರನ್ನು ಹೋಗಿ ಕಂಡು ಅವರ ಜೊತೆ ಹೊತ್ತು ಕಳೆದರೆ ಅದೂ ಯಾತ್ರೆಯೇ, ಅವರಲ್ಲಿರುವ ಕ್ರಿಸ್ತನ ಬಳಿಗೆ ಮಾಡಿದ ಯಾತ್ರೆ, ಫಲ ಅಷ್ಟೇ. ಸಾಲದ್ದಕ್ಕೆ ಇನ್ನೊಂದು: ವಾರದಲ್ಲಿ ಒಂದು ದಿನವಾದರೂ ಬೇಡದ ಕಾಲಹರಣ, ಸಾಮಾಜಿಕ ಜಾಲತಾಣವೂ ಸೇರಿದಂತೆ, ಬಿಟ್ಟಿದ್ದರೂ ಫಲವುಂಟು. ಮೊಬೈಲು ಮುಟ್ಟದ ಯಾತ್ರೆ! ಇದನ್ನು ಬರೆದವರು ಯಾವ ಯಾತ್ರಾ ಸಮಿತಿಯಲ್ಲೂ ಕೆಲಸ ಮಾಡಿದವರಲ್ಲ ಎಂಬುದು ಸ್ಪಷ್ಟ.

ಆ ಆದೇಶ ನಮ್ಮ ಸಮಿತಿಯ ಮುಂದೆ ಬಂದಿದ್ದರೆ ಏನಾಗುತ್ತಿತ್ತೆಂದು ನಾನು ಕೂತಲ್ಲೇ ಹೇಳಬಲ್ಲೆ. ರೋಮಿನ ಪ್ಯಾಕೇಜಿನ ಚರ್ಚೆ ನಡೆಯುತ್ತಿರುವಾಗ ಯುವ ಸಂಘದ ಹುಡುಗಿಯೊಬ್ಬಳು ಎದ್ದು ಅದನ್ನು ಓದುತ್ತಾಳೆ. ಸಭೆ ಸ್ತಬ್ಧ.

‘ಒಂಟಿ ಮುದುಕರು ಅಂದ್ರೆ ಎಲ್ಲಿ ಸಿಗ್ತಾರಮ್ಮ?’ ಎಂದು ಅಧ್ಯಕ್ಷರು.

ಎಲ್ಲಿ ಸಿಗುತ್ತಾರೆ! ಮಕ್ಕಳನ್ನು ಇಲ್ಲಿನ ಕಾಲೇಜುಗಳಲ್ಲೇ ಓದಿಸಿ ಮೆಲ್ಬರ್ನಿಗೂ ಟೊರಾಂಟೊಗೂ ಕಳಿಸಿದ ಬಡಾವಣೆ ಇದು. ಮೂರು ಬೆಡ್‌ರೂಮಿನ ಮನೆಗೊಬ್ಬರಂತೆ, ಸಿ.ಸಿ. ಕ್ಯಾಮೆರಾ ಮತ್ತು ಬಿ.ಪಿ. ಮಾತ್ರೆಯ ಕಾವಲಿನಲ್ಲಿ ಕೂತಿದ್ದಾರೆ. ಸಭೆ ನಡೆಯುವ ಮನೆಯಿಂದ ಎರಡನೆಯ ಅಡ್ಡರಸ್ತೆಯಲ್ಲೇ ಒಬ್ಬ ಅಜ್ಜಿ ಇದ್ದಾಳೆಂದು ಹುಡುಗಿ ಹೇಳುತ್ತಾಳೆ.

‘ಆ ಅಜ್ಜಿ ನಮ್ಮ ಪೈಕಿ ಅಲ್ಲಲ್ಲಮ್ಮ. ಲಿಂಗಾಯತ್ರು.’

‘ಆದೇಶದಾಗೆ ಜಾತಿ ಬರ್ದಿಲ್ಲ ಅಂಕಲ್.’

‘ಬರೀಬೇಕಿತ್ತು. ಇಷ್ಟು ದೊಡ್ಡ ಕಚೇರಿ, ಇಷ್ಟು ಗೊತ್ತಾಗಲ್ವ?’

ಆದರೂ ಪೋಪರ ಮಾತು, ಮೀರುವಂತಿಲ್ಲ. ಅಜ್ಜಿಯ ಮನೆಗೆ ಬಸ್ಸಿನಲ್ಲಿ ಯಾತ್ರೆ ಹೋಗುವ ಗೊತ್ತುವಳಿ ಅಂಗೀಕಾರವಾಗುತ್ತದೆ. ತಲೆಗೆ 350 ರೂಪಾಯಿ, ಬೆಳಗಿನ ಬೆಣ್ಣೆ ದೋಸೆ ಸೇರಿ. ಟೋಪಿ ಬೇರೆ. ಎರಡು ಅಡ್ಡರಸ್ತೆಗೆ ಬಸ್ಸು ಯಾಕೆಂದು ಯಾರೋ ಕೇಳಿದಾಗ ಖಜಾಂಚಿ, ನಡೆದುಕೊಂಡು ಹೋದರೆ ಅದು ಯಾತ್ರೆಯಾಗದೆ ಬರೀ ಹೋಗಿಬಂದಂತಾಗುತ್ತದೆ ಎಂದು ವಿವರಿಸುತ್ತಾರೆ. ಬಸ್ಸು ಶಾಮನೂರು ರಸ್ತೆ, ಹದಡಿ ರಸ್ತೆ ಸುತ್ತಿ ಬಂದರೆ ಜಪಸರ ಮುಗಿಯುತ್ತದೆ, ಅಂತ್ಯಾಕ್ಷರಿಗೂ ಎಡೆ ಸಿಗುತ್ತದೆ. ಫ್ಲೆಕ್ಸಿಗೆ ಅಜ್ಜಿಯ ಫೋಟೊ ಬೇಕು; ಸಿಗದಿದ್ದರೆ ಅಧ್ಯಕ್ಷರದೇ ಎರಡು ಹಾಕುವುದು. ಸುದ್ದಿ ತಿಳಿದ ಎ ಬ್ಲಾಕಿನವರು ಮರುದಿನವೇ ತಮ್ಮದೇ ಆದ ಒಂದು ಅಜ್ಜಿಯನ್ನು ಹುಡುಕಲು ಉಪಸಮಿತಿ ರಚಿಸುತ್ತಾರೆ. ಅವರಿಗೆ ಹಾಸಿಗೆ ಹಿಡಿದ ತಾತನೇ ಸಿಕ್ಕಿದನೆಂದು ಕೇಳಿ ಬಿ ಬ್ಲಾಕಿನಲ್ಲಿ ಹೊಟ್ಟೆಕಿಚ್ಚಾಗುತ್ತದೆ.

ಯಾತ್ರೆಯ ದಿನ ನಲವತ್ತೆಂಟು ಜನ ಅಜ್ಜಿಯ ಮನೆಯಂಗಳದಲ್ಲಿ ಇಳಿಯುತ್ತಾರೆ. ಹೂಕುಂಡ ಒಂದು ಒಡೆಯುತ್ತದೆ. ಯಾರದೋ ಸಾವಾಗಿರಬೇಕೆಂದು ಅಕ್ಕಪಕ್ಕದವರು ಹೊರಗೆ ಬರುತ್ತಾರೆ. ಅಜ್ಜಿ ಮೊದಲು ಎಲೆಕ್ಷನ್ನಿನವರೆಂದು ತಿಳಿದು ‘ಈ ಸಲ ಯಾರಿಗೂ ಹಾಕಲ್ಲ ಹೋಗ್ರಪ್ಪ’ ಎನ್ನುತ್ತಾಳೆ. ಹುಡುಗಿ ಬಿಡಿಸಿ ಹೇಳಿದ ಮೇಲೆ ‘ಅಯ್ಯೋ, ಒಳಗ್ ಬರ್ರಿ, ಕೂತ್ಕಳ್ರಿ’ ಎಂದು ಒಳಗಿರುವ ಮೂರು ಕುರ್ಚಿ ತೋರಿಸುತ್ತಾಳೆ. ಕುರ್ಚಿ ಯಾರಿಗೆ ಎಂಬುದರಲ್ಲಿ ಹತ್ತು ನಿಮಿಷ. ಫೋಟೊ. ಅಜ್ಜಿಗೆ ಶಾಲು. ಅಜ್ಜಿ ನಗಲಿಲ್ಲವೆಂದು ಮತ್ತೆ ಫೋಟೊ. ಅಧ್ಯಕ್ಷರು ಕ್ರಿಸ್ತಪ್ರೀತಿಯ ಬಗ್ಗೆ ಮಾತಾಡಿ ಮುಗಿಸುವ ಹೊತ್ತಿಗೆ ಹೊರಗೆ ಡ್ರೈವರು ಹಾರನ್ ಹೊಡೆಯತೊಡಗುತ್ತಾನೆ. ದೋಸೆ ಹೋಟೆಲಿನಲ್ಲಿ ಹತ್ತರ ಮೇಲೆ ಜಾಗ ಸಿಗುವುದಿಲ್ಲ.

ಎಲ್ಲರೂ ಎದ್ದಾಗ ಅಜ್ಜಿ ಅಂಜುತ್ತಲೇ ಕೇಳುತ್ತಾಳೆ: ‘ಇಷ್ಟ್ ಜನ ಬಂದೀರಿ. ಅಡಿಗೆಮನೆ ಟ್ಯೂಬ್‌ಲೈಟು ಹೋಗಿ ತಿಂಗ್ಳಾತು. ಹೊಸದು ತಂದಿಟ್ಟೀನಿ, ನಂಗೆ ಸ್ಟೂಲ್ ಹತ್ತಾಕೆ ಆಗಲ್ಲ. ಯಾರಾರ ಒಬ್ರು ಹಾಕ್ಕೊಡ್ತೀರೇನಪ್ಪ?’

ನಲವತ್ತೆಂಟು ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸ್ಟೂಲು ಹುಡುಕಲು ಒಳಗೆ ಹೋದ ಹುಡುಗಿಯನ್ನು ‘ಏ ಬಾರಮ್ಮ, ಬಸ್ ಹೊಂಟತು’ ಎಂದು ಕರೆಯುತ್ತಾರೆ. ಸಮಿತಿಯ ಪುಸ್ತಕದಲ್ಲಿ ಅಂದು ಸಂಜೆಯ ನಡಾವಳಿ ಹೀಗೆ ದಾಖಲಾಗುತ್ತದೆ: ಯಾತ್ರೆ ಯಶಸ್ವಿ. ಉಳಿತಾಯ 1,140 ರೂಪಾಯಿ, ವೇಳಾಂಗಣಿ ನಿಧಿಗೆ ವರ್ಗಾಯಿಸಿದೆ. ಟ್ಯೂಬ್‌ಲೈಟಿನ ವಿಷಯ ಚರ್ಚಿಸಿ, 2033ರ ಜ್ಯುಬಿಲಿಗೆ ಮುಂದೂಡಲಾಗಿದೆ.